ಎಡಗಡೆ ಕೊಂಬೆ ಯಾಕೆ ಒಣಗಿತು

2024ರ ಮೇ ತಿಂಗಳು, ಎರಡನೇ ವಾರ. ಬೆಳಿಗ್ಗೆ ಟೆರೇಸಿಗೆ ಹೋದಾಗ, ಬೋನ್ಸಾಯ್ ಆಗಿ, ಅಂದರೆ ಕುಂಡದಲ್ಲೇ ಪುಟ್ಟ ಮರದ ಹಾಗೆ, ಬೆಳೆಸಿದ ನನ್ನ ಜುನಿಪರ್‌ನ ಎಡಗಡೆ ಕೊಂಬೆ ಮಂಕಾಗಿ ಕಂಡಿತು. ಹಳದಿ ಅನ್ನೋಕೆ ಆಗಲ್ಲ, ಕಂದು ಅನ್ನೋಕೂ ಆಗಲ್ಲ. ಹಸಿರಿನ ಮೇಲೆ ಒಲೆ ಬೂದಿ ಉದುರಿಸಿದ ಹಾಗಿತ್ತು. ಬಲಗಡೆ ಕೊಂಬೆಯನ್ನು ಸವರಿದರೆ ಎಲೆ ಚುಚ್ಚುತ್ತಿತ್ತು, ಆದರೆ ಬಾಗುತ್ತಿತ್ತು. ಎಡಗಡೆಯದು ಗರಿಗರಿ. ಹಿಂಬದಿಯ ಕವಲಿನಿಂದ ಐದಾರು ಎಲೆ ಅಂಗೈಗೆ ಉದುರಿಯೇ ಬಿಟ್ಟವು.

ಈ ಗಿಡ ನನ್ನ ಹತ್ತಿರ ಬಂದು ಆಗಲೇ ಏಳು ವರ್ಷ. 2017ರಲ್ಲಿ ಬೆಂಗಳೂರಿನ ಒಂದು ನರ್ಸರಿಯಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದೊಳಗೆ, ಕೆಂಪು ಮಣ್ಣಿನಲ್ಲಿ ಕೂತಿತ್ತು. ಪ್ರಾಸ್ಟ್ರಾಟಾ ಅನ್ನುವ ಜುನಿಪರ್ ಅಂತ ಹೇಳಿ ಕೊಟ್ಟರು. ಆಮೇಲೆ ಗೊತ್ತಿದ್ದವರು ನೋಡಿ, ಇದು 'ಪ್ರೋಕಂಬೆನ್ಸ್ ನಾನಾ' ಅನ್ನುವ ಬೇರೆ ತಳಿ ಅಂದರು. ಜಪಾನಿನ ಕಡಲ ತೀರದ ಗಿಡ. ನೆಲಕ್ಕೆ ಅಂಟಿಕೊಂಡು ಹರಡುವುದು ಅದರ ಸ್ವಭಾವ. ಅದನ್ನು ಎತ್ತಿ ಕಟ್ಟಿ, ತಂತಿ ಸುತ್ತಿ, ಒಂದೊಂದೇ ಕೊಂಬೆ ತಿದ್ದಿ ಒಂದು ಮುದಿ ಮರದ ರೂಪಕ್ಕೆ ತಂದಿದ್ದೆ. ಎಡಗಡೆ ಕೊಂಬೆ ಅದರ ಮೊದಲ ಕೊಂಬೆ, ಎಲ್ಲಕ್ಕಿಂತ ಕೆಳಗಿನದು, ದಪ್ಪನೆಯದು. ಮರದ ತೂಕವೆಲ್ಲ ಆ ಕಡೆಗೇ ವಾಲಿತ್ತು. ಅದು ಹೋದರೆ ಮರದ ಚಹರೆಯೇ ಹೋಗುತ್ತದೆ.

ಜುನಿಪರ್ ಸಾಕುವವರಿಗೆ ಇನ್ನೊಂದು ಭಯವೂ ಇರುತ್ತದೆ. ಆಲ, ಅತ್ತಿ, ಬೋಗನ್‌ವಿಲ್ಲಾ ಆದರೆ ಬೋಳು ಕೊಂಬೆಯಿಂದಲೂ ಚಿಗುರು ಒಡೆಯುತ್ತದೆ. ಪೂರ್ತಿ ಕಡಿದರೂ ಮತ್ತೆ ಎದ್ದು ನಿಲ್ಲುತ್ತವೆ. ಜುನಿಪರ್ ಹಾಗಲ್ಲ. ಕೊಂಬೆಯ ಮೇಲಿನ ಹಸಿರೆಲ್ಲ ಹೋಯಿತು ಅಂದರೆ ಆ ಕೊಂಬೆ ಮುಗಿಯಿತು. ಹಳೇ ಬೋಳು ಕಟ್ಟಿಗೆಯಿಂದ ಅದು ಮತ್ತೆ ಚಿಗುರುವುದಿಲ್ಲ.

ಮೊದಲು ಮಾಡಿದ ಕೆಲಸ ಫೋಟೋ ತೆಗೆದದ್ದು. ಎಡಗಡೆಯಿಂದ, ಹಿಂದಿನಿಂದ, ಮೇಲಿನಿಂದ. ಆಮೇಲೆ ಫೋನಿನಲ್ಲಿದ್ದ ಹಳೇ ಫೋಟೋಗಳನ್ನು ಪಕ್ಕಕ್ಕಿಟ್ಟು ನೋಡಿದೆ. ಏಪ್ರಿಲ್ ಮೊದಲ ವಾರದ ಒಂದು ಫೋಟೋದಲ್ಲೇ ಎಡಗಡೆ ಬಣ್ಣ ಸ್ವಲ್ಪ ಸೋತಿತ್ತು. ನಾನು ದಿನಾ ನೋಡುತ್ತಿದ್ದೆ, ಅದಕ್ಕೇ ಕಂಡಿರಲಿಲ್ಲ ಅನ್ಸುತ್ತೆ. ಮಾರ್ಚ್ ಫೋಟೋದಲ್ಲಿ ಎಲ್ಲ ಸರಿಯಾಗಿತ್ತು. ಅಥವಾ ಸರಿ ಇದ್ದ ಹಾಗೆ ಕಾಣುತ್ತಿತ್ತು.

ಈ ವ್ಯತ್ಯಾಸ ಮುಖ್ಯ. ಹೂವಿನ ಅಂಗಡಿಯಲ್ಲಿ ಹೂಗುಚ್ಛಕ್ಕೆ ಸೇರಿಸುವ ಥೂಜಾ ಸೊಪ್ಪು ನೋಡಿರುತ್ತೀರಿ. ಕಡಿದು ಎಷ್ಟೋ ದಿನವಾದರೂ ಹಸಿರಾಗೇ ಇರುತ್ತದೆ. ಜುನಿಪರ್ ಅದೇ ಕುಟುಂಬದ್ದು. ಎಲೆ ಮೇಲೆ ಮೇಣದಂಥ ಪದರ, ನೀರು ಆರುವುದು ಬಹಳ ನಿಧಾನ. ಹಾಗಾಗಿ ಬೇರು ಸತ್ತ ಮೇಲೂ ಎಲೆ ವಾರಗಟ್ಟಲೆ ಹಸಿರಾಗಿ ನಿಲ್ಲುತ್ತದೆ. ತುಳಸಿಗೆ ಮಧ್ಯಾಹ್ನ ನೀರು ಸಾಲದಿದ್ದರೆ ಸಂಜೆಗೆ ಬಾಡಿ ತೋರಿಸುತ್ತದೆ. ಜುನಿಪರ್ ಬಾಡುವುದೇ ಇಲ್ಲ. ಇವತ್ತು ಕಂದು ಕಂಡರೆ, ಆದದ್ದು ಇವತ್ತಲ್ಲ, ಎರಡು ತಿಂಗಳ ಹಿಂದೆ. ಇದನ್ನು ಎಲ್ಲೋ ಓದಿದ್ದೆ. ಆದರೆ ಆ ದಿನ ಟೆರೇಸಿನಲ್ಲಿ ನಿಂತಾಗ ನೆನಪಾಗಲಿಲ್ಲ. ಇವತ್ತಿನ ಕಾಯಿಲೆಗೆ ಇವತ್ತೇ ಕಾರಣ ಹುಡುಕೋಕೆ ಶುರು ಮಾಡಿದೆ.

ಲಾಲ್‌ಬಾಗ್‌ನ ಫಲಪುಷ್ಪ ಪ್ರದರ್ಶನದಲ್ಲಿ ಪರಿಚಯವಾದ ಹಿರಿಯರೊಬ್ಬರಿಗೆ ಫೋಟೋ ಕಳಿಸಿದೆ. ಬಹಳ ವರ್ಷದಿಂದ ಬೋನ್ಸಾಯ್ ಮಾಡುವವರು, ಕೇಳಿದ್ದಕ್ಕೆಲ್ಲ ಬೇಸರವಿಲ್ಲದೆ ಉತ್ತರ ಕೊಡುವವರು.

"ನೀರು ಜಾಸ್ತಿ ಆಗಿದೆ ಅನ್ಸುತ್ತಮ್ಮ. ಸ್ವಲ್ಪ ದಿನ ಕಡಿಮೆ ಮಾಡಿ ನೋಡಿ," ಅಂದರು.

ಜುನಿಪರ್ ಸತ್ತರೆ ನೂರಕ್ಕೆ ಎಂಬತ್ತು ಜನ ಹೇಳುವ ಮಾತು ಅದೇ. ಬಹಳ ಸಲ ಅದೇ ನಿಜವೂ ಆಗಿರುತ್ತದೆ. ಆ ಗಿಡಕ್ಕೆ ಬೇರು ಸದಾ ಒದ್ದೆಯಾಗಿದ್ದರೆ ಆಗುವುದಿಲ್ಲ. ಅವರು ನೋಡಿದ್ದು ಫೋಟೋ ಮಾತ್ರ. ಮಣ್ಣು ನೋಡಬೇಕಾದವಳು ನಾನು. ನೋಡದೆ ನೀರು ಕಡಿಮೆ ಮಾಡಿದೆ. ದಿನಾ ಹಾಕುತ್ತಿದ್ದವಳು ಮೂರು ದಿನಕ್ಕೊಮ್ಮೆ ಹಾಕಿದೆ. ಹೀಗೆ ಹನ್ನೆರಡು ದಿನ. ಈಗಲೂ ಆ ಹನ್ನೆರಡು ದಿನ ನೆನೆದರೆ ಹೊಟ್ಟೆಯಲ್ಲಿ ಸಂಕಟ.

ಆ ದಿನಗಳಲ್ಲಿ ಸುಮ್ನೆ ಕೂತಿರಲಿಲ್ಲ. ಒಂದೊಂದೇ ಅನುಮಾನ ಹಿಡಿದು ಹೋದೆ.

ಮೊದಲ ಅನುಮಾನ ನುಸಿಯ ಮೇಲೆ. ತೆಂಗಿನ ಕಾಯಿಗೆ ಬರುವ ನುಸಿ ಗೊತ್ತಲ್ವಾ, ಅದರ ದೂರದ ನೆಂಟರು ಇವು. ಬಿಸಿಲು, ಧೂಳು, ಒಣಹವೆ ಅಂದರೆ ಇವಕ್ಕೆ ಹಬ್ಬ. ಆ ವರ್ಷ ಬೆಂಗಳೂರಿನಲ್ಲಿ ಅದಕ್ಕೇನೂ ಕೊರತೆ ಇರಲಿಲ್ಲ. ಏಪ್ರಿಲ್ ಪೂರ್ತಿ ನಮ್ಮ ಕಡೆ ಹನಿ ಮಳೆ ಇಲ್ಲ. 28ನೇ ತಾರೀಕು ಪಾದರಸ 38.5 ಡಿಗ್ರಿ ಮುಟ್ಟಿತ್ತು. ನುಸಿ ಹುಡುಕುವುದು ಸುಲಭ. ಬಿಳಿ ಕಾಗದವನ್ನು ಕೊಂಬೆ ಕೆಳಗೆ ಹಿಡಿದು ಬೆರಳಿಂದ ತಟ್ಟಬೇಕು. ಧೂಳು, ಒಣ ಎಲೆ, ಒಂದಿಷ್ಟು ಕಸ ಬೀಳುತ್ತದೆ. ಅರ್ಧ ನಿಮಿಷ ಅಲ್ಲಾಡದೆ ನೋಡಬೇಕು. ಧೂಳಿನ ಚುಕ್ಕಿಗಳಲ್ಲಿ ಕೆಲವು ನಡೆಯೋಕೆ ಶುರು ಮಾಡುತ್ತವೆ. ಬೆರಳಿಂದ ಎಳೆದರೆ ಕಾಗದದ ಮೇಲೆ ಕೆಂಪು ಗೆರೆ ಬೀಳುತ್ತದೆ.

ನನ್ನ ಕಾಗದದ ಮೇಲೆ ನಾಲ್ಕು ಚುಕ್ಕಿ ನಡೆದವು. ಸಿಕ್ಕಿತು ಕಳ್ಳ ಅಂದುಕೊಂಡೆ. ಕೀಟನಾಶಕ ತರೋಣ ಅಂತ ಚಪ್ಪಲಿ ಮೆಟ್ಟಿದ್ದೆ. ಆಮೇಲೆ ಏನನ್ನಿಸಿತೋ, ವಾಪಸ್ ಬಂದು ಬಲಗಡೆ ಕೊಂಬೆಯನ್ನೂ ತಟ್ಟಿದೆ. ಅಲ್ಲಿ ಆರು ಚುಕ್ಕಿ! ಬಲಗಡೆ ಕೊಂಬೆ ಹಚ್ಚಹಸಿರು. ನುಸಿಯೇ ಕಾರಣವಾದರೆ ಮೊದಲು ಒಣಗಬೇಕಾದದ್ದು ಅದು. ಅಲ್ಲದೆ ನುಸಿ ಹೀರಿದ ಎಲೆಯಲ್ಲಿ ಸಣ್ಣ ಸಣ್ಣ ಬಿಳಿಚಿದ ಚುಕ್ಕೆ ಇರುತ್ತವೆ, ಕವಲುಗಳ ನಡುವೆ ತೆಳ್ಳಗೆ ಬಲೆ ಇರುತ್ತದೆ. ಇಲ್ಲಿ ಅದೇನೂ ಇರಲಿಲ್ಲ. ನಾಲ್ಕು ನುಸಿ ಯಾವ ಟೆರೇಸಿನಲ್ಲೂ ಇರುತ್ತವೆ. ಪೈಪಿನಲ್ಲಿ ಎಲೆಯ ಅಡಿಗೆ ಜೋರಾಗಿ ನೀರು ಬಿಟ್ಟು ತೊಳೆದೆ, ಅಷ್ಟೇ. ಔಷಧಿ ಹೊಡೆಯದೇ ಇದ್ದದ್ದು ಒಳ್ಳೆಯದಾಯಿತು. ನುಸಿ ಕೀಟದ ಜಾತಿಯಲ್ಲ, ಜೇಡದ ಕಡೆಯದು, ಎಂಟು ಕಾಲಿನದು. ಸಾಮಾನ್ಯ ಕೀಟನಾಶಕಕ್ಕೆ ಎಷ್ಟೋ ಸಲ ಅದು ಜಗ್ಗುವುದಿಲ್ಲ. ಅದನ್ನು ತಿನ್ನುವ ಒಳ್ಳೆ ಹುಳುಗಳು ಮಾತ್ರ ಸಾಯುತ್ತವೆ.

ಎರಡನೆಯ ಅನುಮಾನ ನೀರಿನ ಗುಣದ ಮೇಲೆ. ಆ ಬೇಸಿಗೆಯ ನೀರಿನ ಕಷ್ಟ ಬೆಂಗಳೂರಿನವರು ಯಾರೂ ಮರೆತಿರಲ್ಲ. ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಕಾರು ತೊಳೆಯಬಾರದು ಅಂತ ಜಲಮಂಡಳಿ ಆದೇಶ ಮಾಡಿತ್ತು. ತಪ್ಪಿದರೆ 5000 ರೂಪಾಯಿ ದಂಡ. ಸರಿಯಾದ ಆದೇಶವೇ, ಜನಕ್ಕೆ ಕುಡಿಯೋಕೆ ಇಲ್ಲದಾಗ ಗಿಡದ ಮಾತು ಎಲ್ಲಿ. ನಮ್ಮ ಮನೆಯಲ್ಲಿ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು, ಆರ್‌ಒ ಯಂತ್ರ ಹೊರಗೆ ಬಿಡುವ ನೀರು, ಎಲ್ಲ ಬಕೆಟ್‌ಗೆ ಸೇರಿ ಟೆರೇಸಿಗೆ ಹೋಗುತ್ತಿತ್ತು. ಆರ್‌ಒ ಬಿಡುವ ನೀರಿನಲ್ಲಿ ಉಪ್ಪಿನಂಶ ಜಾಸ್ತಿ. ಬೋರ್‌ವೆಲ್ ನೀರಿನ ಗಡಸುತನವೆಲ್ಲ ಅದರಲ್ಲೇ ಉಳಿದಿರುತ್ತದೆ. ಕುಂಡದ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿತ್ತು, ಉಗುರಿಂದ ಕೆರೆದರೆ ಪುಡಿಯಾಗುತ್ತಿತ್ತು.

ಇದು ಬಲವಾದ ಅನುಮಾನ. ಆದರೆ ಉಪ್ಪು ಹಿಡಿದರೆ ಗಿಡದ ಎಲ್ಲ ತುದಿಗಳೂ ಸುಡಬೇಕು. ಉಪ್ಪಿಗೆ ಎಡ ಬಲ ಗೊತ್ತಿಲ್ಲವಲ್ಲ. ನನ್ನ ಗಿಡದಲ್ಲಿ ಒಂದೇ ಕೊಂಬೆ, ಅದರಲ್ಲೂ ಹಿಂದಿನ ಕವಲು ಪೂರ್ತಿ, ಮುಂದಿನದು ಅರ್ಧ. ಈ ಒಂದೇ ಕೊಂಬೆ ಅನ್ನುವುದನ್ನು ಮೊದಲ ದಿನವೇ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಅರ್ಧ ಅನುಮಾನಗಳು ಅಲ್ಲೇ ಬಿದ್ದು ಹೋಗುತ್ತಿದ್ದವು.

ಅಷ್ಟರಲ್ಲಿ ಅಪ್ಪ ಫೋನ್ ಮಾಡಿದರು. ನಮ್ಮದು ತೀರ್ಥಹಳ್ಳಿ ಕಡೆ, ಎರಡು ಎಕರೆ ಅಡಿಕೆ ತೋಟ. ಮೇ ಅಂದರೆ ಅಡಿಕೆ ಮರ ಹತ್ತುವ ಕೊನೆಗೌಡರನ್ನು ಹಿಡಿಯುವ, ಮದ್ದು ಹೊಡೆಸುವ ತಯಾರಿಯ ಕಾಲ. ಅಡಿಕೆಗೆ ಕೊಳೆರೋಗ ಬರದ ಹಾಗೆ, ಮಳೆ ಹಿಡಿಯುವ ಮೊದಲು ಒಂದು ಸಲ ಬೋರ್ಡೋ ದ್ರಾವಣ ಹೊಡೆಯಲೇಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಚಿಕ್ಕವಳಿದ್ದಾಗಿನಿಂದ ಆ ನೀಲಿ ಬಣ್ಣ ನೋಡಿ ಬೆಳೆದವಳು ನಾನು. ಹಾಗಾಗಿ ಕೇಳಿದೆ, "ಅಪ್ಪ, ನನ್ನ ಜುನಿಪರ್‌ಗೂ ಒಂದು ಚೂರು ಬೋರ್ಡೋ ಹೊಡೀಲಾ? ತುದಿಯಿಂದ ಒಣಗ್ತಾ ಇದೆ."

"ಏಪ್ರಿಲ್ ಪೂರ್ತಿ ಮಳೆನೇ ಇರ್ಲಿಲ್ವಲ್ಲೇ ಅಲ್ಲಿ. ಮಳೆ ಇಲ್ದೆ ಕೊಳೆ ಎಲ್ಲಿಂದ ಬರ್ತದೆ?" ಅಂದರು.

ಮಾತು ಸರಿ ಇತ್ತು. ಜುನಿಪರ್‌ಗೆ ತುದಿ ಒಣಗಿಸುವ ಶಿಲೀಂಧ್ರಗಳು ಇವೆ. ಫೋಮಾಪ್ಸಿಸ್ ಅಂತ ಒಂದು, ಕಬಟೀನಾ ಅಂತ ಇನ್ನೊಂದು. ಫೋಮಾಪ್ಸಿಸ್ ಎಳೇ ಚಿಗುರಿನ ತುದಿಗೆ ಬರುತ್ತದೆ. ಕಬಟೀನಾ ಗಾಯವಾದ ಕಡೆಯಿಂದ ಹಿಂದಿನ ವರ್ಷದ ಬೆಳವಣಿಗೆಗೆ ನುಗ್ಗುತ್ತದೆ. ಫೋಮಾಪ್ಸಿಸ್‌ಗೆ ಎಲೆ ಬಹಳ ಹೊತ್ತು ಒದ್ದೆಯಾಗಿರಬೇಕು. ಏಪ್ರಿಲ್‌ನಲ್ಲಿ ನನ್ನ ಟೆರೇಸಿನಲ್ಲಿ ಎಲೆಯ ಮೇಲೆ ಬಿದ್ದ ನೀರು ಹತ್ತು ನಿಮಿಷ ನಿಂತಿದ್ದರೆ ಹೆಚ್ಚು. ಆದರೂ ಸಮಾಧಾನಕ್ಕೆ ಅಂತ ಮಗನ ಭೂತಗನ್ನಡಿ ಇಸ್ಕೊಂಡು ಒಣಗಿದ ಕವಲನ್ನು ನೋಡಿದೆ. ಇಂಥ ರೋಗದಲ್ಲಿ ಸತ್ತ ಭಾಗ ಮತ್ತು ಜೀವ ಇರುವ ಭಾಗ ಸೇರುವ ಕಡೆ ಬೂದು ಬಣ್ಣದ ಪಟ್ಟಿ ಕಾಣಬೇಕು, ಅದರ ಮೇಲೆ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಇರಬೇಕು. ಇರಲಿಲ್ಲ. ಕವಲು ತುದಿಯಿಂದ ಬುಡದವರೆಗೆ ಒಂದೇ ಬಣ್ಣಕ್ಕೆ ತಿರುಗಿತ್ತು, ಒಣ ಹುಲ್ಲಿನ ಬಣ್ಣ.

ಅಪ್ಪ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಕೇಳಿದರು. "ಬುಡ ಬಿಡಿಸಿ ನೋಡಿದ್ಯಾ?"

"ಇಲ್ಲ ಅಪ್ಪ. ಬೇಸಿಗೆಲಿ ಬೇರು ಮುಟ್ಟಬಾರದು ಅಂತಾರೆ."

"ಹಿಡಿಮುಂಡಿಗೆ ಬಂದ ಮರಕ್ಕೆ ನಾವು ತಲೆಗೆ ಮದ್ದು ಹೊಡೀತೀವಾ? ಸುಳಿ ಸಣ್ಣ ಆಯ್ತು ಅಂದ್ರೆ ಬುಡದ ಮಣ್ಣು ಗಟ್ಟಿ ಆಗಿರ್ತದೆ. ಅದನ್ನ ಒಡೀತೀವಿ. ಮುಟ್ಟೋದು ಬೇಡ, ನೋಡು ಅಂದೆ."

ಅಡಿಕೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಿಡಿಮುಂಡಿಗೆ ರೋಗದಲ್ಲಿ ಅಡಿಕೆ ಮರದ ಸುಳಿ ಮುದುಡುತ್ತದೆ, ಎಲೆ ಸಣ್ಣದಾಗಿ ಸುಕ್ಕುಗಟ್ಟುತ್ತದೆ. ಎಲ್ಲ ಆಗುವುದು ಮೇಲೆ. ಕಾರಣ ಇರುವುದು ಕೆಳಗೆ, ಬೇರು ಇಳಿಯದ ಗಟ್ಟಿ ಪದರದಲ್ಲಿ, ನೀರು ಬಸಿಯದ ನೆಲದಲ್ಲಿ. ಇಷ್ಟು ವರ್ಷ ತೋಟ ನೋಡಿದವಳು ಕುಂಡದ ವಿಷಯಕ್ಕೆ ಬಂದಾಗ ಇದನ್ನು ಯೋಚಿಸಲೇ ಇಲ್ಲವಲ್ಲ ಅಂತ ಬೇಜಾರಾಯಿತು.

ಮರುದಿನ ಭಾನುವಾರ. ಬಿಸಿಲೇರುವ ಮುಂಚೆ ಕುಂಡವನ್ನು ಒಳಗೆ ಊಟದ ಮೇಜಿನ ಮೇಲೆ ತಂದಿಟ್ಟೆ.

ಮೊದಲು ತಂತಿ ನೋಡಬೇಕಿತ್ತು. ಜನವರಿಯಲ್ಲಿ ಈ ಕೊಂಬೆಗೆ ಅಲ್ಯೂಮಿನಿಯಂ ತಂತಿ ಸುತ್ತಿ ಸ್ವಲ್ಪ ಕೆಳಗೆ ಬಗ್ಗಿಸಿದ್ದೆ. ಬಗ್ಗಿಸುವಾಗ ಒಳಗೆ ಸೀಳಿದ್ದರೆ ಆಗ ಗೊತ್ತಾಗಲ್ಲ, ತಿಂಗಳ ಮೇಲೆ ಕೊಂಬೆ ಒಣಗುತ್ತದೆ. ತಂತಿಯನ್ನು ಬಿಚ್ಚದೆ, ಸುತ್ತು ಸುತ್ತಿಗೂ ಕತ್ತರಿಸಿ ತೆಗೆದೆ. ಬಾಗಿದ ಜಾಗದಲ್ಲಿ ಬಿರುಕಿಲ್ಲ. ತೊಗಟೆ ಮೇಲೆ ತಂತಿಯ ಗುರುತು ತೆಳ್ಳಗೆ ಇತ್ತು, ಕಚ್ಚಿರಲಿಲ್ಲ.

ಆಮೇಲೆ ಕೆರೆದು ನೋಡುವ ಪರೀಕ್ಷೆ. ತೊಗಟೆಯನ್ನು ಉಗುರಿನಿಂದ ಒಂದು ಸಾಸಿವೆಯಷ್ಟು ಜಾಗದಲ್ಲಿ ಕೆರೆಯಬೇಕು. ಅದಕ್ಕಿಂತ ಜಾಸ್ತಿ ಬೇಡ. ಕೆಳಗೆ ಹಸಿ ಹೆಸರುಕಾಳಿನ ಸಿಪ್ಪೆಯಂಥ ಹಸಿರು ಕಂಡರೆ ಜೀವ ಇದೆ. ಹಿಂದಿನ ಕವಲಿನಲ್ಲಿ ಮೂರು ಕಡೆ ಕೆರೆದೆ. ಮೂರೂ ಕಡೆ ಕಂದು, ಒಣಗಿದ ಹುಣಸೆ ಸಿಪ್ಪೆ ಬಣ್ಣ. ಮುಂದಿನ ಕವಲಿನಲ್ಲಿ ಹಸಿರು ಇತ್ತು, ಆದರೆ ಪಸೆ ಇಲ್ಲದ ಹಸಿರು. ಈಗ ಮೂಲ ಕೊಂಬೆಗೆ ಬಂದೆ. ಮೇಲ್ಭಾಗದಲ್ಲಿ ಹಸಿರು. ಇಷ್ಟಕ್ಕೇ ನಿಲ್ಲಿಸಿಬಿಡುವವಳಿದ್ದೆ. ಕುಂಡ ತಿರುಗಿಸಿ ಕೊಂಬೆಯ ಅಡಿಭಾಗವನ್ನೂ ಕೆರೆದೆ. ಕಂದು!

ಒಂದೇ ಕೊಂಬೆ, ಮೇಲೆ ಜೀವ, ಕೆಳಗೆ ಸಾವು. ಆ ಗೆರೆ ಹಿಡಿದು ಕೊಂಬೆ ಕಾಂಡಕ್ಕೆ ಸೇರುವ ಕಡೆ ಕೆರೆದೆ. ಕಂದು. ಕಾಂಡದ ಮೇಲೆ ಎರಡು ಬೆರಳು ಕೆಳಗೆ, ಕಂದು. ಅದರ ಪಕ್ಕಕ್ಕೆ ಅರ್ಧ ಬೆರಳು ಸರಿದರೆ ಹಸಿರು. ಇನ್ನೂ ಕೆಳಗೆ, ಕಂದು. ಹೀಗೆ ಅರ್ಧ ಬೆರಳಗಲದ ಒಂದು ಸತ್ತ ಪಟ್ಟಿ, ಕೊಂಬೆಯ ಅಡಿಯಿಂದ ಹೊರಟು ಕಾಂಡದ ಎಡ ಮಗ್ಗುಲಲ್ಲಿ ಇಳಿದು, ಮಣ್ಣಿನ ಮೇಲೆ ಕಾಣುವ ಎಡಗಡೆಯ ಒಂದು ದಪ್ಪ ಬೇರಿನೊಳಕ್ಕೆ ಹೋಗಿತ್ತು.

ಜುನಿಪರ್ ಒಳಗಿನ ಕಟ್ಟೇ ಹಾಗೆ. ಇಂತಿಂಥ ಬೇರಿನ ನೀರು ಇಂತಿಂಥ ಕೊಂಬೆಗೆ ಅಂತ, ಹೆಚ್ಚುಕಮ್ಮಿ ನೇರ ಕಾಲುವೆ ಇದ್ದ ಹಾಗೆ ಹೋಗುತ್ತದೆ. ಪಕ್ಕದ ಕಾಲುವೆಯಿಂದ ಇಲ್ಲಿಗೆ ತಿರುಗಿಸಿಕೊಳ್ಳುವ ಗುಣ ಕಡಿಮೆ. ಬೆಟ್ಟದ ಮೇಲಿನ ಮುದಿ ಜುನಿಪರ್‌ಗಳಲ್ಲಿ ಮುಕ್ಕಾಲು ಕಾಂಡ ಸತ್ತು ಬಿಳಿ ಕಟ್ಟಿಗೆಯಾಗಿ, ಒಂದು ಪಟ್ಟಿ ತೊಗಟೆ ಮಾತ್ರ ಬದುಕಿ ಮೇಲಿನ ಹಸಿರನ್ನು ಸಾಕುತ್ತಿರುತ್ತದಲ್ಲ, ಅದು ಇದೇ ಕಾರಣಕ್ಕೆ. ಆ ಸತ್ತ ಪಟ್ಟಿಗೆ ಜಪಾನಿಯರು ಶಾರಿ ಅಂತಾರೆ. ಸತ್ತ ಕೊಂಬೆಗೆ ಜಿನ್ ಅಂತಾರೆ.

ತಂತಿಯಿಂದ ಕೊಂಬೆ ಮುರಿದಿದ್ದರೆ ಮುರಿದ ಜಾಗದಿಂದ ಆಚೆಗೆ ಒಣಗಬೇಕಿತ್ತು. ಈಚೆಗೆ, ಕಾಂಡದ ಮೇಲೆ, ಬೇರಿನವರೆಗೆ ಒಣಗಲು ಕಾರಣವೇ ಇರಲಿಲ್ಲ. ಕಾಯಿಲೆ ಹುಟ್ಟಿದ್ದು ಕೆಳಗೆ ಅಂತ ಖಚಿತವಾಯಿತು.

ಬೇರು ಕೊಳೆತಿದೆ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಗಿಡವನ್ನು ಕುಂಡಕ್ಕೆ ಬಿಗಿದ ತಂತಿ ಕತ್ತರಿಸಿ, ಎಡ ಅಂಚಿನಲ್ಲಿ ಅಗರಬತ್ತಿಯ ಬಿದಿರು ಕಡ್ಡಿಯಿಂದ ಮೆಲ್ಲಗೆ ಮಣ್ಣು ಕೆದಕಿದೆ. ಮೇಲಿನ ಪದರ ಇಟ್ಟಿಗೆ ಚೂರು, ಪ್ಯೂಮಿಸ್ ಅನ್ನುವ ಹಗುರ ಕಲ್ಲು, ಸ್ವಲ್ಪ ಗೊಬ್ಬರದ ಮಿಶ್ರಣ. ಹಿಂದಿನ ಸಂಜೆಯೇ ನೀರು ಹಾಕಿದ್ದೆ, ಇನ್ನೂ ತಣ್ಣಗಿತ್ತು. ಎರಡು ಇಂಚು ಒಳಗೆ ಹೋಗುತ್ತಲೇ ಕಡ್ಡಿ ಟಕ್ ಅಂತ ನಿಂತಿತು. ಮತ್ತೆ ಒತ್ತಿದೆ. ಕಡ್ಡಿ ಬಾಗಿತು, ಒಳಗೆ ಹೋಗಲಿಲ್ಲ. ಸುತ್ತಲಿನ ಮಿಶ್ರಣ ಬಿಡಿಸಿದಾಗ ಕಂಡಿದ್ದು ಮುಷ್ಟಿ ಗಾತ್ರದ ಕೆಂಪು ಹೆಂಟೆ. ನರ್ಸರಿ ಚೀಲದಲ್ಲಿದ್ದ ಅದೇ ಹಳೇ ಕೆಂಪು ಮಣ್ಣು.

ಅದರ ಮೂಲೆಯಿಂದ ನಿಂಬೆಹಣ್ಣಿನಷ್ಟು ಒಂದು ತುಂಡು ಒಡೆದುಕೊಂಡೆ. ವಾಸನೆ ನೋಡಿದೆ. ಕೊಳೆತ ಬೇರಿಗೆ ಚರಂಡಿಯಂಥ ಒಂದು ನಾತ ಇರುತ್ತದೆ, ಮುಟ್ಟಿದರೆ ಹೊರಗಿನ ಪದರ ಜಾರಿ ನಡುವಿನ ನಾರು ಮಾತ್ರ ಕೈಗೆ ಬರುತ್ತದೆ. ಇಲ್ಲಿ ನಾತವೇ ಇಲ್ಲ. ಬೇಸಿಗೆಯ ಗದ್ದೆಯಂಥ ಒಣ ಮಣ್ಣಿನ ವಾಸನೆ. ಬೇರು ಬಾಗಿಸಿದರೆ ಕಡ್ಡಿಯ ಹಾಗೆ ಮುರಿಯಿತು. ಆ ತುಂಡನ್ನು ನೀರು ತುಂಬಿದ ಸ್ಟೀಲ್ ಲೋಟಕ್ಕೆ ಹಾಕಿದೆ. ಗುಳುಗುಳು ಅಂತ ಗುಳ್ಳೆ ಬರೋಕೆ ಶುರುವಾಯಿತು. ಐದು ನಿಮಿಷವಾದರೂ ನಿಲ್ಲಲಿಲ್ಲ. ಅರ್ಧ ಗಂಟೆ ಬಿಟ್ಟು ತೆಗೆದು ಎರಡು ಹೋಳು ಮಾಡಿದೆ. ಹೊರಗೆ ಒಂದು ಕಾಲು ಇಂಚು ಕೆಸರು. ನಡುವೆ ಪುಡಿ. ಊದಿದರೆ ಹಾರುವಷ್ಟು ಒಣ ಪುಡಿ.

ಕೊಳೆತದ್ದಲ್ಲ. ಬಾಯಾರಿ ಸತ್ತದ್ದು.

ಆ ಮೇಲೆ ಎಲ್ಲ ತಾರೀಕುಗಳೂ ಒಂದರ ಪಕ್ಕ ಒಂದು ಬಂದು ಕೂತವು. ಫೆಬ್ರವರಿಯಲ್ಲಿ ಕುಂಡ ಬದಲಾಯಿಸಿದ್ದೆ. ಜುನಿಪರ್‌ನ ಬೇರನ್ನು ಒಂದೇ ಸಲ ಪೂರ್ತಿ ತೊಳೆಯಬಾರದು, ಅರ್ಧ ಈ ಸಲ, ಉಳಿದರ್ಧ ಒಂದೆರಡು ವರ್ಷ ಬಿಟ್ಟು. ಹಾಗೇ ಮಾಡಿದ್ದೆ. ಬಲಗಡೆಯ ಹಳೇ ಮಣ್ಣು ತೆಗೆದು ಹೊಸ ಮಿಶ್ರಣ ತುಂಬಿದೆ. ಎಡಗಡೆಯ ಹೆಂಟೆಯನ್ನು ಮುಟ್ಟದೆ ಬಿಟ್ಟೆ. ಬಿಟ್ಟದ್ದು ತಪ್ಪಲ್ಲ. ಅದರೊಳಗೆ ನಾಲ್ಕು ತೂತು ಮಾಡಿ ನೀರಿಗೆ ದಾರಿ ಬಿಡದೇ ಇದ್ದದ್ದು ತಪ್ಪು. ಸುತ್ತ ಉರುಟು ಮಿಶ್ರಣ, ನಡುವೆ ಗಟ್ಟಿ ಹೆಂಟೆ. ಮೇಲಿನಿಂದ ಹಾಕಿದ ನೀರು ಸುಲಭದ ದಾರಿ ಹಿಡಿದು ಪಕ್ಕದಿಂದ ಇಳಿದು ತೂತಿನಿಂದ ಹೊರಗೆ ಹೋಯಿತು. ಕೆಂಪು ಮಣ್ಣು ಒಮ್ಮೆ ಪೂರ್ತಿ ಒಣಗಿ ಕುಗ್ಗಿದರೆ ಮತ್ತೆ ನೀರು ಕುಡಿಯೋಕೆ ಬಹಳ ಹೊತ್ತು ಬೇಕು.

ಮೊದಲೆಲ್ಲ ಎರಡು ಮೂರು ಸುತ್ತು ನೀರು ಹಾಕುತ್ತಿದ್ದೆ. ಒಂದು ಸುತ್ತು ಹಾಕಿ, ಹತ್ತು ನಿಮಿಷ ಬಿಟ್ಟು ಮತ್ತೊಂದು. ಹಾಗಾಗಿ ಹೆಂಟೆಗೂ ಅಷ್ಟಿಷ್ಟು ಸಿಗುತ್ತಿತ್ತು. ಮಾರ್ಚ್‌ನಲ್ಲಿ ನೀರಿನ ಕಷ್ಟ ಬಂತು. ಒಂದು ಗಿಡಕ್ಕೆ ಒಂದು ಮಗ್ ಅಂತ ಲೆಕ್ಕ ಮಾಡಿದೆ. ಕೆಳಗಿನ ತೂತಿನಿಂದ ನೀರು ಬರುತ್ತಿತ್ತು, ಸಾಕು ಅಂದುಕೊಂಡೆ. ಎಡಗಡೆ ಬೇರು ಆಗಲೇ ಸಾಯೋಕೆ ಶುರುವಾಗಿದೆ. ಮೇಲೆ ಕಂಡಿದ್ದು ಮೇನಲ್ಲಿ. ಕಂಡ ಮೇಲೆ ನಾನು ಮಾಡಿದ್ದು ಇನ್ನೂ ಹನ್ನೆರಡು ದಿನ ನೀರು ಕಡಿಮೆ.

ಮೇಜಿನ ಮುಂದೆ ಕೂತು ಸ್ವಲ್ಪ ಹೊತ್ತು ಅತ್ತೆ. ಹೇಳೋಕೆ ಸಂಕೋಚವಿಲ್ಲ. ಏಳು ವರ್ಷ ಕೈಯಾರೆ ಸಾಕಿದ ಜೀವ ಅದು.

ಉಪಚಾರದ್ದು ಸಣ್ಣ ಕಥೆ. ಹೆಂಟೆಯನ್ನು ಒಡೆಯಲು ಹೋಗಲಿಲ್ಲ. ಬಿರು ಬೇಸಿಗೆ ಈಗಷ್ಟೇ ಮುಗಿದಿದೆ, ಅದರೊಳಗೆ ಬದುಕಿರುವ ಬೇರುಗಳೂ ಇರಬಹುದು. ಅಂಚಿನಲ್ಲಿ ಹುಡುಕಿದಾಗ ಎರಡು ಮೂರು ಬಿಳಿ ಬೇರುತುದಿ ಕಂಡಿದ್ದವು. ದಬ್ಬಳದಿಂದ ಹೆಂಟೆಗೆ ಹತ್ತು ಹನ್ನೆರಡು ಕಡೆ ತೂತು ಮಾಡಿದೆ. ಪ್ಲಾಸ್ಟಿಕ್ ಟಬ್‌ನಲ್ಲಿ ನೀರು ತುಂಬಿ, ಕುಂಡದ ಅಂಚಿನವರೆಗೆ ಮುಳುಗುವ ಹಾಗೆ ಇಟ್ಟೆ. ಗುಳ್ಳೆ ನಿಲ್ಲೋಕೆ ಇಪ್ಪತ್ತೈದು ನಿಮಿಷ ಹಿಡಿಯಿತು. ಆರ್‌ಒ ಬಿಟ್ಟ ನೀರು ಬೇಡ ಅಂತ, ಆ ವಾರ ಸುರಿದ ಮಳೆ ನೀರನ್ನೇ ಬಕೆಟ್‌ನಲ್ಲಿ ಹಿಡಿದಿಟ್ಟುಕೊಂಡಿದ್ದೆ. ಐದು ದಿನಕ್ಕೊಮ್ಮೆ, ಒಟ್ಟು ನಾಲ್ಕು ಸಲ ಹೀಗೆ ಮುಳುಗಿಸಿದೆ. ನಡುವೆ ಎಂದಿನಂತೆ ಮೇಲಿನಿಂದ ನೀರು. ಮಧ್ಯಾಹ್ನದ ಬಿಸಿಲಿಗೆ ಶೇಡ್ ನೆಟ್. ಗೊಬ್ಬರ ಹಾಕಲಿಲ್ಲ. ಕತ್ತರಿ ಮುಟ್ಟಲಿಲ್ಲ.

ಕತ್ತರಿ ಮುಟ್ಟದೆ ಇರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಒಣಗಿದ ಕವಲು ಕಣ್ಣಿಗೆ ಚುಚ್ಚುತ್ತಿತ್ತು. ಬಂದವರೆಲ್ಲ "ಅದನ್ನ ಕತ್ತರಿಸಿಬಿಡಿ" ಅನ್ನುತ್ತಿದ್ದರು. ಆದರೆ ಸಾವು ಎಲ್ಲಿಯವರೆಗೆ ಬಂದು ನಿಲ್ಲುತ್ತದೆ ಅಂತ ಗಿಡವೇ ತೋರಿಸಬೇಕು. ಮೊದಲೇ ಕತ್ತರಿಸಿದರೆ ಜೀವ ಇರುವ ಕಡೆಯೂ ಹೋಗಬಹುದು. ಹಿರಿಯರಿಗೆ ಫೋನ್ ಮಾಡಿ ಹೆಂಟೆಯ ವಿಷಯ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಮಣ್ಣು ಕೇಳದೆ ಹೇಳಬಾರದಿತ್ತಮ್ಮ," ಅಂದರು. "ನಾನೂ ನೋಡದೆ ಕೇಳಬಾರದಿತ್ತು ಸರ್," ಅಂದೆ. ಅವರೇ ಆಮೇಲೆ ಹೇಳಿದ್ದು, ಆರು ತಿಂಗಳು ಕೈ ಕಟ್ಟಿಕೊಂಡು ಕೂತಿರಿ ಅಂತ.

ಜೂನ್ ಪೂರ್ತಿ ಏನೂ ಗೊತ್ತಾಗಲಿಲ್ಲ. ಮುಂದಿನ ಕವಲು ಇನ್ನೂ ಒಂದಿಷ್ಟು ಕಂದಾಯಿತು. ಉಪಚಾರ ಕೆಲಸ ಮಾಡುತ್ತಿಲ್ಲವೇನೋ ಅನ್ನಿಸಿತು. ಆದರೆ ಆ ಕಂದು ಕೂಡ ಹಿಂದಿನ ಲೆಕ್ಕದ್ದೇ, ಮೇ ತಿಂಗಳಲ್ಲಿ ಸತ್ತದ್ದು ಈಗ ಬಣ್ಣ ಬಿಡುತ್ತಿತ್ತು. ಜುಲೈ ಕೊನೆಗೆ ಅದು ನಿಂತಿತು. ಆಗಸ್ಟ್ ಕೊನೆಯ ಒಂದು ಬೆಳಿಗ್ಗೆ ಮುಂದಿನ ಕವಲಿನ ನಡುವೆ, ಮಂಕಾದ ಎಲೆಗಳ ಸಂದಿಯಲ್ಲಿ, ಎಳೇ ಹಸಿರಿನ ಮೂರು ತುದಿ ಕಂಡವು. ಅಕ್ಕಿಕಾಳಿನಷ್ಟು ಉದ್ದ. ಮುಟ್ಟಿದರೆ ಚುಚ್ಚಲಿಲ್ಲ, ಅಷ್ಟು ಮೆತ್ತಗೆ. ಅಪ್ಪನಿಗೆ ಫೋಟೋ ಕಳಿಸಿದೆ. "ಬುಡ ಒಡೆದ್ಯಾ?" ಅಂತ ವಾಯ್ಸ್ ಮೆಸೇಜ್ ಬಂತು, ಹಿಂದೆ ಮಳೆಯ ಸದ್ದು.

ನವೆಂಬರಿನಲ್ಲಿ ಸತ್ತ ಕವಲಿನ ತೊಗಟೆಯನ್ನು ಇಕ್ಕಳದಿಂದ ಹಿಡಿದು ಎಳೆದೆ. ಒಣ ತೊಗಟೆ ಸಲೀಸಾಗಿ ಸಿಪ್ಪೆಯಂತೆ ಬಂತು. ಕೊಂಬೆಯ ಅಡಿಭಾಗಕ್ಕೆ ಬಂದಾಗ ಒಂದು ಕಡೆ ತೊಗಟೆ ಕಟ್ಟಿಗೆಗೆ ಅಂಟಿಕೊಂಡು ನಿಂತಿತು, ಅಂಚಿನಲ್ಲಿ ಹಸಿರು ಪಸೆ. ಅಲ್ಲಿಗೆ ನಿಲ್ಲಿಸಿದೆ. ಕಾಂಡದ ಪಟ್ಟಿಯನ್ನೂ ಹಾಗೇ, ಗಿಡ ಹೇಳಿದಷ್ಟೇ ಬಿಡಿಸಿದೆ. ಕೊಳೆಯದ ಹಾಗೆ ಸುಣ್ಣ ಗಂಧಕದ ದ್ರಾವಣ ಬಳಿದೆ. ಕೊಳೆತ ಮೊಟ್ಟೆಯ ವಾಸನೆ ಅದು, ಟೆರೇಸಿನಲ್ಲೇ ಮಾಡಬೇಕು. ಹಳದಿಯಾಗಿ ಬಳಿದದ್ದು ಒಣಗಿದ ಮೇಲೆ ಮೂಳೆ ಬಿಳುಪಿಗೆ ತಿರುಗುತ್ತದೆ. ಮೊದಲ ಕೊಂಬೆ ಈಗ ಮೂರನೇ ಒಂದು ಭಾಗ ಬಿಳಿ ಕಟ್ಟಿಗೆ, ಉಳಿದದ್ದು ಹಸಿರು. ನಾನು ಬರೆದುಕೊಂಡಿದ್ದ ರೂಪ ಇದಲ್ಲ. ಆದರೆ ಈ ಕಾಂಡದ ಮೇಲಿನ ಬಿಳಿ ಗೆರೆ ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಅಂತ ಒಂದೊಂದು ಬೆರಳೂ ನನಗೆ ಗೊತ್ತು.

2025ರ ಫೆಬ್ರವರಿಯಲ್ಲಿ ಎಡಗಡೆಯ ಹೆಂಟೆಯನ್ನು ನೆನೆಸಿ ನೆನೆಸಿ, ಕಡ್ಡಿಯಿಂದ ಚೂರು ಚೂರೇ ಬಿಡಿಸಿದೆ. ಮೂರು ಗಂಟೆ ಹಿಡಿಯಿತು. ಒಳಗೆ ಸತ್ತ ಬೇರುಗಳ ನಡುವೆ ಹೊಸ ಬಿಳಿ ಬೇರು ನುಗ್ಗಿದ್ದವು, ನಾನು ದಬ್ಬಳದಲ್ಲಿ ಮಾಡಿದ ತೂತುಗಳ ಉದ್ದಕ್ಕೇ. ಕಾಂಡದ ನೇರ ಕೆಳಗೆ ಇನ್ನೂ ಒಂದು ಅಡಿಕೆ ಗಾತ್ರದ ಕೆಂಪು ಮಣ್ಣು ಉಳಿದಿದೆ. ಅದನ್ನು ಮುಂದಿನ ಸಲಕ್ಕೆ ಅಂತ ಬಿಟ್ಟಿದ್ದೇನೆ.

ಆ ಜಾಗಕ್ಕೆ ಒಂದು ಅಗರಬತ್ತಿ ಕಡ್ಡಿ ಚುಚ್ಚಿಟ್ಟಿರುತ್ತೇನೆ. ಬೆಳಿಗ್ಗೆ ಕಾಫಿ ಹಿಡಿದು ಟೆರೇಸಿಗೆ ಹೋದಾಗ ಅದನ್ನು ಎಳೆದು ನೋಡುವುದು, ಕೆನ್ನೆಗೆ ತಾಗಿಸಿ ತಂಪಿದೆಯಾ ಅಂತ ನೋಡುವುದು, ಮತ್ತೆ ಅದೇ ತೂತಿಗೆ ಇಳಿಸುವುದು. ಇವತ್ತು ತುದಿಯವರೆಗೂ ಕಪ್ಪಗೆ ನೆನೆದು ಬಂತು.